ಪಕ್ಕದ ಅಡುಗೆಮನೆಗೆ ಸಾರು ಕೊಡೋಕೆ ಊರು ಸುತ್ತಬೇಕಾ?

ತುಂಬಾ ದಿನ ಆಗಿತ್ತು ಈ ಕಡೆ ತಲೆ ಹಾಕಿ. ಬರೆಯೋಕೆ ವಿಷಯ ಇರಲಿಲ್ಲ ಅಂತಲ್ಲ, ಸೋಮಾರಿತನ ಅಷ್ಟೆ. ಈಗ ಬರೀತಿರೋದು ಸಿಟ್ಟಿನಿಂದ. ಸಿಟ್ಟಲ್ಲಿ ಬರೆದದ್ದನ್ನ ಒಂದು ರಾತ್ರಿ ಬಿಟ್ಟು ಹಾಕು ಅಂತ ಗೆಳೆಯನೊಬ್ಬ ಯಾವಾಗಲೂ ಹೇಳ್ತಿರ್ತಾನೆ. ಎರಡು ರಾತ್ರಿ ಬಿಟ್ಟು ನೋಡಿದೆ, ಇಳೀಲಿಲ್ಲ. ಹಾಗಾಗಿ ಇಗೋ.

ಮೊದಲೇ ಹೇಳಿಬಿಡ್ತೀನಿ, ಇದು ಟೆಕ್ನಿಕಲ್ ಜಗಳ. ಆದರೂ ಕಂಪ್ಯೂಟರ್ ಕೆಲಸದವರಲ್ಲದವರಿಗೂ ಅರ್ಥ ಆಗೋ ಹಾಗೆ ಬರೆಯೋಕೆ ಪ್ರಯತ್ನ ಪಡ್ತೀನಿ. ಯಾಕಂದ್ರೆ ನಮ್ಮಕ್ಕ ಇದನ್ನ ಓದ್ತಾಳೆ, ಅರ್ಥ ಆಗಲಿಲ್ಲ ಅಂದ್ರೆ ಫೋನ್ ಮಾಡಿ ಬೈತಾಳೆ :)

ಹೋದ ವಾರ ಆಫೀಸಿನಲ್ಲಿ ಡಿಸೈನ್ ಮೀಟಿಂಗ್ ಇತ್ತು. ನಮ್ಮ ಕಂಪನಿ ಮಾಡೋದು ಬ್ಯಾಕಪ್ ಸಾಫ್ಟ್‌ವೇರ್, ಅದೂ ವರ್ಚುಯಲ್ ಮಶೀನ್‌ಗಳ ಬ್ಯಾಕಪ್. ಹೊಸ ಆವೃತ್ತಿಯಲ್ಲಿ ಹೋಸ್ಟ್ ಮತ್ತು ಗೆಸ್ಟ್ ಹೇಗೆ ಮಾತಾಡಬೇಕು ಅನ್ನೋದು ಚರ್ಚೆ. ಒಬ್ಬ ಹಿರಿಯರು ಎದ್ದು ಬೋರ್ಡ್ ಮೇಲೆ ಚೌಕ ಬರೆದು, ಅದರೊಳಗೆ ಇನ್ನೊಂದು ಚೌಕ ಬರೆದು, ಎರಡರ ನಡುವೆ ಒಂದು ಗೆರೆ ಎಳೆದು, "ಸಿಂಪಲ್. ಪ್ರತಿ ವಿಎಂಗೂ ಎರಡನೇ ನೆಟ್‌ವರ್ಕ್ ಕಾರ್ಡ್ ಕೊಡೋಣ, ಅದಕ್ಕೊಂದು ಐಪಿ ಅಡ್ರೆಸ್. ಟಿಸಿಪಿ/ಐಪಿ ಇರುವಾಗ ಇನ್ನೇನು ಬೇಕು?" ಅಂದರು. ಎಲ್ಲರೂ ತಲೆ ಆಡಿಸಿದರು. ನಾನು ಬೇಡ ಅಂದೆ, ವೀಸಾಕ್ ಬಳಸೋಣ ಅಂದೆ. "ಪುಸ್ತಕದ ಮಾತು ಬೇಡಪ್ಪಾ, ಪ್ರಾಕ್ಟಿಕಲ್ ಆಗಿ ಯೋಚನೆ ಮಾಡು" ಅಂತ ಉತ್ತರ ಬಂತು.

ಪ್ರಾಕ್ಟಿಕಲ್! ಆ ಪದಕ್ಕೇ ನನಗೆ ಪಿತ್ತ ನೆತ್ತಿಗೇರಿದ್ದು. ಯಾಕೆ ಅಂತ ಮುಂದೆ ಹೇಳ್ತೀನಿ.

ನಮ್ಮೂರು ಅರಸೀಕೆರೆ ಪಕ್ಕದ ಮಾಲೇಕಲ್ಲು. ಬೆಟ್ಟದ ಮೇಲೆ ವೆಂಕಟರಮಣ, ಕೆಳಗೆ ನಾವು, ಸುತ್ತ ತೆಂಗು. ನಮ್ಮ ಹಳೇ ಮನೆ ಅಜ್ಜನ ಕಾಲದಲ್ಲಿ ಭಾಗ ಆಯ್ತು. ಭಾಗ ಅಂದ್ರೆ ನಡುಮನೇಲಿ ಒಂದು ಗೋಡೆ ಎದ್ದಿತು, ಅಷ್ಟೆ. ಆ ಕಡೆ ದೊಡ್ಡಜ್ಜ, ಈ ಕಡೆ ನಮ್ಮಜ್ಜ. ಬಾಗಿಲು ಬೇರೆ, ಮನೆ ನಂಬರ್ ಬೇರೆ, ಕರೆಂಟ್ ಮೀಟರ್ ಬೇರೆ. ಆದರೆ ಎರಡು ಅಡುಗೆಮನೆಗಳ ನಡುವಿನ ಗೋಡೇಲಿ ಒಂದು ಪಾತ್ರೆ ತೂರೋ ಅಷ್ಟು ಕಿಂಡಿ ಬಿಟ್ಟಿದ್ದರು. ಯಾರು ಬಿಡಿಸಿದ್ದೋ ಗೊತ್ತಿಲ್ಲ, ಅಜ್ಜಿಯರೇ ಇರಬೇಕು. ಗಂಡಸರು ಮಾತು ಬಿಟ್ಟಿದ್ದ ವರ್ಷಗಳಲ್ಲೂ ಆ ಕಿಂಡಿಯಿಂದ ಸಾರು, ಹೆಪ್ಪಿಗೆ ಮಜ್ಜಿಗೆ, ಉಪ್ಪಿನಕಾಯಿ ಆ ಕಡೆ ಈ ಕಡೆ ಓಡಾಡ್ತಾನೇ ಇದ್ದವಂತೆ. ಒಂದು ತಟ್ಟೆ ಅಡ್ಡ ಇಟ್ಟರೆ ಕಿಂಡಿ ಮುಚ್ಚಿದ ಹಾಗೆ.

ವರ್ಚುಯಲ್ ಮಶೀನ್ ಅಂದ್ರೂ ಹೀಗೇ ಭಾಗ ಆದ ಮನೆ. ಒಂದೇ ದೊಡ್ಡ ಕಂಪ್ಯೂಟರ್, ಅದು ಹೋಸ್ಟ್. ಅದರೊಳಗೆ ಗೋಡೆ ಎಬ್ಬಿಸಿ ಹತ್ತಾರು ಸಣ್ಣ ಕಂಪ್ಯೂಟರ್‌ಗಳು, ಅವು ಗೆಸ್ಟ್. ಪ್ರತಿ ಗೆಸ್ಟೂ ತಾನೇ ಒಂದು ಪೂರ್ತಿ ಕಂಪ್ಯೂಟರ್ ಅಂದುಕೊಂಡಿರುತ್ತೆ. ಗೋಡೆ ಕಾಯೋನು ಹೈಪರ್‌ವೈಸರ್. ಈ ಗೆಸ್ಟ್ ಹೊರಗಿನ ಪ್ರಪಂಚದ ಜೊತೆ ಮಾತಾಡೋಕೆ ನೆಟ್‌ವರ್ಕ್ ಕಾರ್ಡ್ ಬೇಕೇ ಬೇಕು, ಅದು ಬೀದಿ ಬಾಗಿಲು. ಅದರ ಬಗ್ಗೆ ನನ್ನ ತಕರಾರಿಲ್ಲ. ನನ್ನ ತಕರಾರು ಗೋಡೆಯ ಎರಡು ಪಕ್ಕದವರು ಪರಸ್ಪರ ಮಾತಾಡೋ ಬಗ್ಗೆ. "ಈಗ ಬ್ಯಾಕಪ್ ತಗೋತೀನಿ, ಎರಡು ಸೆಕೆಂಡ್ ಡಿಸ್ಕಿಗೆ ಬರೆಯೋದು ನಿಲ್ಲಿಸು" ಅಂತ ಹೋಸ್ಟ್ ಗೆಸ್ಟಿಗೆ ಹೇಳಬೇಕು. ಇಬ್ಬರೂ ಇರೋದು ಒಂದೇ ಮೆಮೊರಿ ಚಿಪ್ಪಿನಲ್ಲಿ. ಈ ಮಾತಿಗೆ ಕಿಂಡಿ ಸಾಕಾ, ಅಥವಾ ಬೀದಿ ಬಾಗಿಲಿಂದ ಹೊರಗೆ ಬಂದು, ಮನೆ ನಂಬರ್ ನೋಡಿ, ಇನ್ನೊಂದು ಬೀದಿ ಬಾಗಿಲು ತಟ್ಟಬೇಕಾ? ಜಗಳ ಇಷ್ಟೇ.

ಈ ಜಗಳ ನಮ್ಮ ಆಫೀಸಿನಲ್ಲಿ ಹುಟ್ಟಿದ್ದಲ್ಲ. ಸ್ವಲ್ಪ ಹಿಂದೆ ಹೋಗೋಣ.

ಮೊದಮೊದಲು ಹೈಪರ್‌ವೈಸರ್‌ಗಳು ಗೆಸ್ಟಿಗೆ ಸುಳ್ಳು ಹೇಳ್ತಿದ್ದವು. ನಿನ್ನ ಹತ್ರ ಇಂಟೆಲ್ ಇ1000 ಕಾರ್ಡಿದೆ, ರಿಯಲ್‌ಟೆಕ್ 8139 ಇದೆ ಅಂತ. ಗೆಸ್ಟ್ ಪಾಪ ನಂಬಿ ಆ ಕಾರ್ಡಿನ ರಿಜಿಸ್ಟರ್‌ಗಳನ್ನ ಮುಟ್ಟಿದಾಗೆಲ್ಲ ಹೈಪರ್‌ವೈಸರ್ ಮಧ್ಯೆ ಬಂದು ಕಾರ್ಡಿನ ನಾಟಕ ಆಡಬೇಕು. ನಿಧಾನ ಅಂದ್ರೆ ನಿಧಾನ. ಗೇಜ್ ಬದಲಾಗೋ ಸ್ಟೇಷನ್‌ಗಳಲ್ಲಿ ಮೀಟರ್‌ಗೇಜ್ ವ್ಯಾಗನ್ನಿಂದ ಮೂಟೆ ಇಳಿಸಿ ಬ್ರಾಡ್‌ಗೇಜ್ ವ್ಯಾಗನ್ನಿಗೆ ಹೇರ್ತಿದ್ದರಲ್ಲ, ಹಾಗೆ. ನಮ್ಮ ಕಡೆಯ ಹಳಿಗಳೂ ಒಂದು ಕಾಲಕ್ಕೆ ಮೀಟರ್‌ಗೇಜ್ ಆಗಿದ್ದವು, ಅಪ್ಪ ಇವತ್ತಿಗೂ ಆ ಚಿಕ್ಕ ರೈಲು ನೆನೆಸ್ಕೊಂಡು ಕಣ್ಣು ಅರಳಿಸ್ತಾರೆ.

2003ರಲ್ಲಿ ಕೇಂಬ್ರಿಜ್‌ನವರ ಜೆನ್ ಬಂತು. ಅವರು ಸುಳ್ಳು ಬಿಟ್ಟು, ಗೆಸ್ಟಿಗೆ "ನೀನು ಗೆಸ್ಟ್, ನಾವಿಬ್ಬರೂ ಹಂಚಿಕೊಂಡ ಮೆಮೊರಿಯಲ್ಲಿ ಮಾತಾಡೋಣ" ಅಂದರು. ಅಲ್ಲಿ ಒಂದು ಒಳ್ಳೇ ಜಗಳ ನಡೀತು. ಬಂದ ಪ್ಯಾಕೆಟ್ಟನ್ನ ಗೆಸ್ಟಿಗೆ ಕಾಪಿ ಮಾಡಿ ಕೊಡಬೇಕಾ, ಅಥವಾ ಪ್ಯಾಕೆಟ್ ಇರೋ ಮೆಮೊರಿ ಪುಟದ ಖಾತೆಯನ್ನೇ ಗೆಸ್ಟಿನ ಹೆಸರಿಗೆ ಬದಲಾಯಿಸಬೇಕಾ? ಕಾಗದದ ಮೇಲೆ ಎರಡನೇದು ಜಾಣತನ, ಒಂದು ಬೈಟ್ ಕೂಡ ಕಾಪಿ ಆಗಲ್ಲ. ಆದರೆ ಅಳೆದು ನೋಡಿದಾಗ ಪುಟದ ಖಾತೆ ಬದಲಾಯಿಸೋ ಖರ್ಚು 1500 ಬೈಟ್ ಕಾಪಿ ಮಾಡೋ ಖರ್ಚಿಗಿಂತ ಹೆಚ್ಚು! 2006ರಲ್ಲಿ ಮೆನನ್ ಮತ್ತು ಅವರ ಜೊತೆಯವರು ಅಳತೆ ಸಮೇತ ಇದನ್ನ ಬರೆದರು, ಜೆನ್ ಕೊನೆಗೆ ಕಾಪಿಗೇ ಬಂತು. ನನಗೆ ಈ ಕಥೆ ಬಹಳ ಇಷ್ಟ. ಜಾಣತನ ಸೋತು ಕತ್ತೆ ಕೆಲಸ ಗೆದ್ದ ಕಥೆ.

2007ರ ಹೊತ್ತಿಗೆ ಲಿನಕ್ಸ್ ಕರ್ನಲ್ಲಿನಲ್ಲಿ ಎಂಟು ಥರದ ವರ್ಚುಯಲೈಸೇಶನ್ ಇತ್ತು, ಒಂದೊಂದಕ್ಕೂ ಅದರದೇ ಡ್ರೈವರ್ ಸಂಸಾರ. ಆಸ್ಟ್ರೇಲಿಯಾದ ರಸ್ಟಿ ರಸೆಲ್ ಇದನ್ನ ನೋಡಿ ತಲೆ ಚಚ್ಚಿಕೊಂಡು, ಎಲ್ಲರಿಗೂ ಒಂದೇ ಗೇಜ್ ಇರಲಿ ಅಂತ ವರ್ಟಿಯೋ ಮಾಡಿದರು. 2008ರ ಜನವರಿಯಲ್ಲಿ ಬಂದ 2.6.24 ಕರ್ನಲ್ಲಿನಲ್ಲಿ ಅದು ಸೇರಿತು, 2016ರಲ್ಲಿ ಓಯಾಸಿಸ್ ಸ್ಟ್ಯಾಂಡರ್ಡ್ ಆಯ್ತು. ವರ್ಟಿಯೋ-ನೆಟ್ ಇವತ್ತು ಪ್ರಪಂಚದ ಎಷ್ಟೋ ಕ್ಲೌಡ್‌ಗಳ ಬೀದಿ ಬಾಗಿಲು. ಅದನ್ನ ಇನ್ನೂ ಅಗಲ ಮಾಡೋ, ಅಂದ್ರೆ ಒಂದು ಕ್ಯೂ ಬದಲು ಹಲವು ಕ್ಯೂ ಹಾಕೋ ಮೊದಲ ಪ್ಯಾಚ್‌ಗಳನ್ನ 2010ರಲ್ಲಿ ಕಳಿಸಿದ್ದು ಐಬಿಎಂನ ಭಾರತದ ತಂಡದ ಕೃಷ್ಣ ಕುಮಾರ್. ಅದು ಬೇರೆಯವರ ಕೈಯಲ್ಲಿ ಮತ್ತೆ ರೂಪ ಪಡೆದು 2013ರ 3.8 ಕರ್ನಲ್ಲಿಗೆ ಸೇರಿತು. ಬೆಂಗಳೂರಿನಲ್ಲಿ ಬರೀ ಸಪೋರ್ಟ್ ಕೆಲಸ ಮಾಡ್ತಾರೆ ಅನ್ನೋರಿಗೆ ಇಂಥ ಹೆಸರುಗಳನ್ನ ಹೇಳಬೇಕು. ಇರಲಿ.

ಈಗ ನಮ್ಮ ಕಿಂಡಿ. 2008ರ ಡಿಸೆಂಬರ್‌ನಲ್ಲಿ ಗ್ಲೆಬ್ ನಟಾಪೋವ್ ಅನ್ನೋ ಕೆವಿಎಂ ತಂಡದ ಎಂಜಿನಿಯರ್, ಹೋಸ್ಟ್-ಗೆಸ್ಟ್ ಮಾತಿಗೇ ಅಂತ ಎಎಫ್_ವಿಎಂಚಾನೆಲ್ ಅನ್ನೋ ಹೊಸ ಸಾಕೆಟ್ ಕುಟುಂಬದ ಪ್ಯಾಚ್ ಕಳಿಸಿದರು. ಲಿನಕ್ಸ್ ನೆಟ್‌ವರ್ಕಿಂಗಿನ ಯಜಮಾನ ಡೇವಿಡ್ ಮಿಲ್ಲರ್ ಒಪ್ಪಲಿಲ್ಲ. ಇರೋ ನೆಟ್‌ವರ್ಕ್ ಇಂಟರ್‌ಫೇಸ್ ಬಳಸಿ, ಹೊಸದು ಯಾಕೆ ಅನ್ನೋದು ಅವರ ಪಟ್ಟು. ಕೆವಿಎಂ ಕಡೆಯ ಆಂಟನಿ ಲಿಗುವೊರಿ ಮತ್ತಿತರರು ಬಿಡಿಸಿ ಹೇಳಿದರು: ಗೆಸ್ಟಿನ ಒಡೆಯ ಗ್ರಾಹಕ, ನಾವಲ್ಲ. ಅವನ ನೆಟ್‌ವರ್ಕ್ ಒಳಗೆ ನಾವು ಒಂದು ಕಾರ್ಡ್ ತೂರಿಸಿದರೆ ಅವನ ಫೈರ್‌ವಾಲ್ ಅದನ್ನ ತಡೆಯಬಹುದು, ಅವನ ಐಪಿ ಅಡ್ರೆಸ್ ಜೊತೆ ಡಿಕ್ಕಿ ಹೊಡೆಯಬಹುದು, ಅವನು ಆ ಕಾರ್ಡನ್ನೇ ಆಫ್ ಮಾಡಬಹುದು. ಮಿಲ್ಲರ್ ಜಗ್ಗಲಿಲ್ಲ.

ಸಾಕೆಟ್ ಬಾಗಿಲು ಮುಚ್ಚಿದ್ದಕ್ಕೆ ಆ ಜನ ಸೀರಿಯಲ್ ಪೋರ್ಟಿನ ವೇಷ ಹಾಕಿಕೊಂಡು ಒಳಗೆ ಬಂದರು. ಅದೇ ವರ್ಟಿಯೋ-ಸೀರಿಯಲ್, 2010ರಲ್ಲಿ, ಅಮಿತ್ ಶಾ ಅವರ ಕೆಲಸ (ಅವರಲ್ಲ, ರೆಡ್‌ಹ್ಯಾಟಿನ ಎಂಜಿನಿಯರ್ ಅಮಿತ್ ಶಾ :) ). ಕ್ಯೂಇಎಂಯು ಗೆಸ್ಟ್ ಏಜೆಂಟ್ ಇವತ್ತಿಗೂ ಸಾಮಾನ್ಯವಾಗಿ ಅದರ ಮೇಲೇ ಓಡೋದು. ಕೆಲಸ ಮಾಡುತ್ತೆ, ಆದರೆ ಸೀರಿಯಲ್ ಪೋರ್ಟ್ ಸೀರಿಯಲ್ ಪೋರ್ಟೇ. ಒಂದು ಪೋರ್ಟಿನಲ್ಲಿ ಒಬ್ಬನೇ ಮಾತಾಡಬೇಕು, ಸಾಕೆಟ್ಟಿನ ಹಾಗೆ ಹತ್ತು ಜನ ಬಂದು ಕನೆಕ್ಟ್ ಆಗೋ ಹಾಗಿಲ್ಲ.

ಆಮೇಲೆ ಏನಾಯ್ತು ಗೊತ್ತಾ? 2013ರಲ್ಲಿ ವಿಎಂವೇರ್ ಕಂಪನಿಯವರು ತಮ್ಮ ವಿಎಂಸಿಐ ಸಾಕೆಟ್ಟನ್ನ ಎಎಫ್_ವೀಸಾಕ್ ಅನ್ನೋ ಹೆಸರಲ್ಲಿ ತಂದರು, ಅದು 3.9 ಕರ್ನಲ್ಲಿಗೆ ಸೇರಿತು. ನಾಲ್ಕು ವರ್ಷದ ಹಿಂದೆ ಬೇಡ ಅಂದಿದ್ದೇ, ಬೇರೆ ಅಂಗಿ ಹಾಕ್ಕೊಂಡು! 2016ರ 4.8ರಲ್ಲಿ ಅದಕ್ಕೆ ವರ್ಟಿಯೋ ದಾರಿ ಸೇರಿತು, 2017ರ 4.14ರಲ್ಲಿ ಮೈಕ್ರೋಸಾಫ್ಟಿನ ಹೈಪರ್-ವಿ ದಾರಿ. ಅಲ್ಲಿಗೆ ಮೂರು ದಾಯಾದಿಗಳೂ ಒಂದೇ ಕಿಂಡಿಗೆ ಬಂದರು.

ವೀಸಾಕ್ ಎಷ್ಟು ಸರಳ ಅಂದ್ರೆ, ಅದರಲ್ಲಿ ಐಪಿ ಅಡ್ರೆಸ್ಸೇ ಇಲ್ಲ. ಪ್ರತಿ ಗೆಸ್ಟಿಗೂ ಸಿಐಡಿ ಅಂತ ಒಂದು ನಂಬರ್, ಅದನ್ನ ಹೋಸ್ಟೇ ಕೊಡುತ್ತೆ. ಹೋಸ್ಟ್ ಯಾವತ್ತೂ 2. ಗೆಸ್ಟ್‌ಗಳು 3ರಿಂದ ಶುರು. ಡಿಎಚ್‌ಸಿಪಿ ಬೇಡ, ಸಬ್‌ನೆಟ್ ಬೇಡ, ರೂಟಿಂಗ್ ಟೇಬಲ್ ಬೇಡ, ಡಿಎನ್‌ಎಸ್ ಬೇಡ. ಪ್ರೋಗ್ರಾಂ ಬರೆಯೋನಿಗೆ ಅದೇ ಸಾಕೆಟ್, ಅದೇ ಕನೆಕ್ಟ್, ಅದೇ ರೀಡ್, ಅದೇ ರೈಟ್.

ಸರಿ, ಇಷ್ಟೆಲ್ಲ ಪುಸ್ತಕದ ಮಾತು ಅಂತಾನೇ ಇಟ್ಕೊಳ್ಳಿ. ಪ್ರಾಕ್ಟಿಕಲ್ ಏನು ಅಂತ ಹೇಳ್ತೀನಿ ಕೇಳಿ.

ಹಿಂದಿನ ವರ್ಷ ಶ್ರಾವಣ ಶನಿವಾರ. ಅಮ್ಮನ್ನ ಕರ್ಕೊಂಡು ಬೆಟ್ಟ ಹತ್ತುತಿದ್ದೆ. ಅಮ್ಮ ಮೊಣಕಾಲು ಹಿಡ್ಕೊಂಡು ಹತ್ತು ಮೆಟ್ಟಿಲಿಗೊಮ್ಮೆ ಕೂರೋರು, ನಾನು ಪೂಜೆ ಬುಟ್ಟಿ ಹಿಡ್ಕೊಂಡು ನಿಂತಿರೋನು. ಅರ್ಧ ದಾರೀಲಿ ಫೋನ್ ಬಂತು. ಆಫೀಸಿಂದ. ಯಾವುದೋ ಜಿಲ್ಲೆಯ ಒಂದು ಸಣ್ಣ ಸಹಕಾರ ಸಂಘ, ಅವರದು ಒಂದೇ ಸರ್ವರ್, ಅದರೊಳಗೆ ಮೂರು ವಿಎಂ. ಡಿಸ್ಕ್ ಕೆಟ್ಟಿದೆ. ನಮ್ಮ ಬ್ಯಾಕಪ್ಪಿಂದ ವಾಪಸ್ ತಂದರೆ ಡೇಟಾಬೇಸ್ ಏಳ್ತಿಲ್ಲ. ಹಿಂದಿನ ದಿನದ ಬ್ಯಾಕಪ್? ಅದೂ ಏಳ್ತಿಲ್ಲ. ಅದರ ಹಿಂದಿನ ದಿನದ್ದು? ಅದೂ ಇಲ್ಲ. ಎಲ್ಲದರ ಮುಂದೂ ಹಸಿರು ಟಿಕ್ ಮಾರ್ಕ್, "ಬ್ಯಾಕಪ್ ಯಶಸ್ವಿ" ಅಂತ.

ಮೆಟ್ಟಿಲ ಪಕ್ಕದ ಬಂಡೆ ಮೇಲೆ ಕೂತು, ಸಿಗ್ನಲ್ಲಿನ ಒಂದೇ ಕಡ್ಡಿಯಲ್ಲಿ ಲಾಗ್ ಫೈಲ್ ಓದಿದೆ. ಓದ್ತಾ ಓದ್ತಾ ಬೆವರು ತಣ್ಣಗಾಯ್ತು.

ನಡೆದದ್ದು ಇಷ್ಟು. ನಮ್ಮ ಸಾಫ್ಟ್‌ವೇರ್ ಪ್ರತಿ ಗೆಸ್ಟಿಗೂ ಎರಡನೇ ನೆಟ್‌ವರ್ಕ್ ಕಾರ್ಡ್ ಹಾಕಿ 192.168.50ರ ಸರಣಿಯಲ್ಲಿ ಒಂದು ಅಡ್ರೆಸ್ ಕೊಡ್ತಿತ್ತು. ಆ ಸಂಘದವರು ಹೊಸ ಶಾಖೆ ತೆರೆದರು. ಅಲ್ಲಿ ನೆಟ್‌ವರ್ಕ್ ಹಾಕಿದವನು ತನ್ನ ಪಾಡಿಗೆ ಅದೇ 192.168.50 ಹಾಕಿದ್ದ. ಅವನ ತಪ್ಪೇನು? ಅವನಿಗೆ ನಾವು ಹೇಳಿದ್ವಾ? ಈಗ ಶಾಖೆಯ ಕಂಪ್ಯೂಟರ್ ಸರ್ವರ್‌ಗೆ ಏನಾದರೂ ಕೇಳಿದರೆ, ಸರ್ವರ್ ಉತ್ತರವನ್ನ ಶಾಖೆಗೆ ಕಳಿಸೋ ಬದಲು ನಮ್ಮ ಎರಡನೇ ಕಾರ್ಡಿಗೆ ಕಳಿಸುತ್ತೆ, ಯಾಕಂದ್ರೆ ರೂಟಿಂಗ್ ಟೇಬಲ್ ಪ್ರಕಾರ 192.168.50 ಅಂದ್ರೆ ಅದೇ. ಶಾಖೆ ಕೆಲಸ ನಿಂತಿತು. ಅಲ್ಲಿನ ಹಾರ್ಡ್‌ವೇರ್ ಹುಡುಗ ಬುದ್ಧಿವಂತ, ಒಂದು ದಿನ ಒದ್ದಾಡಿ ಕಂಡುಹಿಡಿದ. ಏನೋ ಗೊತ್ತಿಲ್ಲದ ಎರಡನೇ ಕಾರ್ಡ್ ಇದೆಯಲ್ಲ ಅಂತ ಅದನ್ನ ಆಫ್ ಮಾಡಿದ. ಶಾಖೆ ಓಡಿತು. ನಾನಿದ್ದರೂ ಅದನ್ನೇ ಮಾಡ್ತಿದ್ದೆ.

ಆ ಕ್ಷಣದಿಂದ ನಮ್ಮ ಹೋಸ್ಟಿಗೆ ಗೆಸ್ಟಿನ ಜೊತೆ ಮಾತು ಬಂದ್. "ಬರೆಯೋದು ನಿಲ್ಲಿಸು" ಅನ್ನೋ ಮಾತು ತಲುಪ್ತಿಲ್ಲ. ಗೆಸ್ಟ್ ಬರೀತಾನೇ ಇದೆ, ನಾವು ಡಿಸ್ಕ್ ನಕಲು ಮಾಡ್ತಾನೇ ಇದ್ದೀವಿ. ಒಂದೇ ಡಿಸ್ಕ್ ಆಗಿದ್ದರೆ ಬಹುಶಃ ಡೇಟಾಬೇಸ್ ತಾನೇ ಸುಧಾರಿಸಿಕೊಳ್ತಿತ್ತು, ಕರೆಂಟ್ ಹೋಗಿ ಬಂದಾಗ ಸುಧಾರಿಸಿಕೊಳ್ಳೋ ಹಾಗೆ. ಇಲ್ಲಿ ಡೇಟಾ ಒಂದು ಡಿಸ್ಕಿನಲ್ಲಿ, ಲಾಗ್ ಇನ್ನೊಂದರಲ್ಲಿ. ಎರಡರ ನಕಲೂ ಬೇರೆ ಬೇರೆ ಕ್ಷಣದ್ದು, ಒಂದಕ್ಕೊಂದು ತಾಳೆ ಇಲ್ಲ. ಕೊನೆಗೆ ಎದ್ದದ್ದು ಹನ್ನೊಂದು ದಿನ ಹಳೆಯ ಬ್ಯಾಕಪ್, ಕಾರ್ಡ್ ಆಫ್ ಆಗೋ ಹಿಂದಿನ ರಾತ್ರಿಯದು.

ಹನ್ನೊಂದು ದಿನದ ಲೆಕ್ಕ. ಸಾಲದ ಕಂತು ಕಟ್ಟಿದವರು, ಗೊಬ್ಬರ ತಗೊಂಡವರು, ಪಿಗ್ಮಿ ಕಟ್ಟಿದವರು. ಅಲ್ಲಿನ ಸಿಬ್ಬಂದಿ ಕಾಗದದ ರಸೀದಿ ಪುಸ್ತಕದ ಪ್ರತಿಗಳನ್ನ ಇಟ್ಕೊಂಡು ರಾತ್ರಿಯೆಲ್ಲ ಮತ್ತೆ ಟೈಪ್ ಮಾಡಿದರು. ನಾನು ಮೂರನೇ ದಿನ ಅಲ್ಲಿಗೆ ಹೋಗಿದ್ದೆ. ಒಬ್ಬ ಮೇಡಂ, ನಮ್ಮಮ್ಮನ ವಯಸ್ಸಿನವರು, ಕನ್ನಡಕ ಮೂಗಿನ ತುದೀಲಿ, ರಸೀದಿ ಒಂದೊಂದೇ ಮಗುಚಿ ಹಾಕ್ತಾ ಇದ್ದರು. ನನ್ನನ್ನ ಬೈಯಲಿಲ್ಲ. "ಕಾಫಿ ಕುಡೀರಿ ಸಾರ್" ಅಂದರು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಯಾಕಂದ್ರೆ ಆ ಎರಡನೇ ಕಾರ್ಡ್ ಹಾಕೋ ಕೋಡ್ ಬರೆದವನು ನಾನೇ. ಕೆಲಸಕ್ಕೆ ಸೇರಿದ ಎರಡನೇ ವರ್ಷ, ಹಾಸನದಲ್ಲಿ ಇಂಜಿನಿಯರಿಂಗ್ ಮುಗಿಸಿ ಬಂದ ಹುಮ್ಮಸ್ಸಲ್ಲಿ. 192.168.50 ಅನ್ನೋ ನಂಬರ್ ಆರಿಸಿದವನೂ ನಾನೇ. ಯಾಕೆ 50? ಗುಂಡಗೆ ಚೆನ್ನಾಗಿ ಕಂಡಿತು, ಅಷ್ಟೆ.

ನ್ಯಾಯವಾಗಿ ಹೇಳಬೇಕು ಅಂದ್ರೆ, ಮಾತು ಬಂದ್ ಆದಾಗ ಹಸಿರು ಟಿಕ್ ಬರಬಾರದಿತ್ತು, ಕೆಂಪು ಬರಬೇಕಿತ್ತು. ಅದು ಬೇರೆ ಅಪರಾಧ. ಅದನ್ನ ಸರಿ ಮಾಡಿದ್ದೀವಿ. ಆದರೆ ಕೆಂಪು ಬಂದಿದ್ದರೂ ಆ ಹುಡುಗ ಏನು ಮಾಡಬೇಕಿತ್ತು? ಶಾಖೆ ಬೇಕು ಅಂದ್ರೆ ಬ್ಯಾಕಪ್ ಇಲ್ಲ, ಬ್ಯಾಕಪ್ ಬೇಕು ಅಂದ್ರೆ ಶಾಖೆ ಇಲ್ಲ. ಈ ಇಕ್ಕಟ್ಟು ತಂದಿಟ್ಟದ್ದು ನಮ್ಮ ಡಿಸೈನು. ಅವನ ಮನೆಯೊಳಗೆ ಹೇಳದೆ ಕೇಳದೆ ನಾವೊಂದು ಬೀದಿ ಬಾಗಿಲು ಇಟ್ಟೆವು. 2008ರಲ್ಲಿ ಕೆವಿಎಂ ಜನ ಏನಾಗುತ್ತೆ ಅಂತ ಎಚ್ಚರಿಸಿದ್ದರೋ, ಅಕ್ಷರಶಃ ಅದೇ ಆಯ್ತು. ಇದಕ್ಕಿಂತ ಪ್ರಾಕ್ಟಿಕಲ್ ಇನ್ನೇನು ಬೇಕು ಸ್ವಾಮಿ?

"ಬೇರೆ ನಂಬರ್ ಆರಿಸಿದ್ದರೆ ಆಗ್ತಿತ್ತು, 169.254 ಬಳಸೋಣ, ಅದನ್ನ ಯಾರೂ ಶಾಖೆಗೆ ಹಾಕಲ್ಲ" ಅಂದರು ಮೀಟಿಂಗಿನಲ್ಲಿ ಇನ್ನೊಬ್ಬರು. ಒಳ್ಳೇದು, ಆ ನಂಬರಿನ ಕಥೇನೂ ನೋಡೋಣ.

ಅಮೆಜಾನ್ ಕ್ಲೌಡಿನಲ್ಲಿ ಪ್ರತಿ ವಿಎಂಗೂ 169.254.169.254 ಅನ್ನೋ ಅಡ್ರೆಸ್ಸಿನಲ್ಲಿ ಒಂದು ಮೆಟಾಡೇಟಾ ಸೇವೆ ಸಿಗುತ್ತೆ. ನಾನು ಯಾರು, ನನಗೇನು ಅಧಿಕಾರ ಅಂತ ವಿಎಂ ಕೇಳಿದರೆ, ಅದರ ಬೀಗದ ಕೈಯನ್ನೇ ಕೊಡುತ್ತೆ. ಹೋಸ್ಟ್-ಗೆಸ್ಟ್ ಮಾತೇ ಅದು, ಆದರೆ ಮಾಮೂಲಿ ಎಚ್‌ಟಿಟಿಪಿ ಮೇಲೆ. ಮಾಮೂಲಿ ನೆಟ್‌ವರ್ಕ್ ಆದ್ದರಿಂದ ಆ ವಿಎಂ ಒಳಗಿನ ಯಾವ ಪ್ರೋಗ್ರಾಂ ಬೇಕಾದರೂ ಆ ಬಾಗಿಲು ತಟ್ಟಬಹುದು. 2019ರಲ್ಲಿ ಅಮೆರಿಕದ ಕ್ಯಾಪಿಟಲ್ ಒನ್ ಬ್ಯಾಂಕಿನಲ್ಲಿ ಆದದ್ದು ಇದೇ. ಹೊರಗಿದ್ದ ಒಬ್ಬರು, ತಪ್ಪಾಗಿ ಹೊಂದಿಸಿದ್ದ ಅವರ ವೆಬ್ ಫೈರ್‌ವಾಲಿಗೇ "ಈ ಅಡ್ರೆಸ್ಸಿನಿಂದ ಏನಿದೆ ತಂದುಕೊಡು" ಅಂದರು. ಅದು ವಿಧೇಯವಾಗಿ ಬೀಗದ ಕೈ ತಂದುಕೊಟ್ಟಿತು. ಸುಮಾರು 10 ಕೋಟಿ ಅಮೆರಿಕನ್ನರ ಮಾಹಿತಿ ಹೋಯ್ತು.

ಅದೇ ವರ್ಷ ನವೆಂಬರ್‌ನಲ್ಲಿ ಅಮೆಜಾನಿನವರು ಎರಡನೇ ಆವೃತ್ತಿ ತಂದರು. ಮೊದಲು ಒಂದು ಟೋಕನ್ ಕೇಳಬೇಕು, ಅದೂ ಪುಟ್ ಅನ್ನೋ ವಿಧಾನದಲ್ಲಿ. ಜೊತೆಗೆ ಉತ್ತರದ ಪ್ಯಾಕೆಟ್ಟಿನ ಹಾಪ್ ಲಿಮಿಟ್ ಮೊದಲಿಗೆ 1, ಅಂದ್ರೆ ಆ ಪ್ಯಾಕೆಟ್ ಒಂದು ಹೆಜ್ಜೆಗಿಂತ ಆಚೆ ಹೋಗಬಾರದು. ಒಂದು ನಿಮಿಷ ಇದನ್ನ ಯೋಚನೆ ಮಾಡಿ. ಊರೂರು ಸುತ್ತಲಿ ಅಂತಲೇ ಹುಟ್ಟಿದ್ದು ಐಪಿ. ಅದನ್ನ ತಂದು ಕಾಲಿಗೆ ಹಗ್ಗ ಕಟ್ಟಿ ಹೊಸ್ತಿಲು ದಾಟಬೇಡ ಅಂತಿದ್ದಾರೆ. ಹೊಸ್ತಿಲು ದಾಟಬಾರದು ಅಂತಿದ್ದರೆ ಬೀದಿಗೆ ಬಾಗಿಲು ಯಾಕೆ ಇಟ್ಟಿರಿ? ಅದೇ ಅಮೆಜಾನಿನವರು 2020ರಲ್ಲಿ ನೈಟ್ರೋ ಎನ್‌ಕ್ಲೇವ್ ಅಂತ ಗುಟ್ಟಿನ ಕೆಲಸಕ್ಕೆ ವಿಎಂ ಮಾಡಿದಾಗ ಅದಕ್ಕೆ ನೆಟ್‌ವರ್ಕ್ ಕಾರ್ಡೇ ಕೊಡಲಿಲ್ಲ. ಒಂದೇ ಒಂದು ವೀಸಾಕ್. ಮಾಮೂಲಿ ವೆಬ್ ಪ್ರೋಗ್ರಾಂಗೆ ಒಂದು ಯುಆರ್‌ಎಲ್ ಕೊಟ್ಟು ವೀಸಾಕ್ ತೆರೆಸೋಕೆ ಆಗಲ್ಲ.

ಎದುರು ಪಕ್ಷದವರು ಹೇಳೋದರಲ್ಲಿ ಹುರುಳಿಲ್ವಾ? ಇದೆ. ಮಿಲ್ಲರ್ ಅವರ ಹಟಕ್ಕೂ ಕಾರಣ ಇತ್ತು. ಕರ್ನಲ್ಲಿಗೆ ಒಂದು ಸಾಕೆಟ್ ಕುಟುಂಬ ಸೇರಿಸಿದರೆ ಅದು ಜೀವಮಾನದ ನಂಟು, ಅದರ ಬಗ್‌ಗಳನ್ನೂ ಸಾಕಬೇಕು. ಹಾಗೇ ಆಯ್ತು ಕೂಡ. ವೀಸಾಕ್‌ನಲ್ಲಿ ಅಲೆಕ್ಸಾಂಡರ್ ಪೊಪೋವ್ 2021ರಲ್ಲಿ ಗಂಭೀರ ರೇಸ್ ಕಂಡಿಶನ್‌ಗಳನ್ನ ಹಿಡಿದರು, ಗೆಸ್ಟಿನೊಳಗಿನ ಮಾಮೂಲಿ ಬಳಕೆದಾರ ರೂಟ್ ಆಗಬಹುದಿತ್ತು. 2024ರಲ್ಲಿ ಅಲ್ಲೇ ಇನ್ನೊಂದು ತೂತು ಸಿಕ್ಕಿತು. 2025ರ ಮಾರ್ಚಿನಲ್ಲಿ ವಿಎಂವೇರ್‌ನ ವಿಎಂಸಿಐನಲ್ಲೇ ಒಂದು ತೂತು, ಅದನ್ನ ಆಗಲೇ ಕಳ್ಳರು ಬಳಸ್ತಿದ್ದರು. ಕಿಂಡಿ ಅಂದ ಮಾತ್ರಕ್ಕೆ ಹಾವು ಬರಲ್ಲ ಅಂತ ಏನಿಲ್ಲ. ಹಾಗಂತ ನೆಟ್‌ವರ್ಕ್ ಕಾರ್ಡಿನ ದಾರಿ ಪತಿವ್ರತೆಯೇನಲ್ಲ. 2018ರಲ್ಲಿ ವರ್ಚುಯಲ್‌ಬಾಕ್ಸ್‌ನ ಇ1000 ಕಾರ್ಡಿನಿಂದ ಗೆಸ್ಟ್ ಗೋಡೆ ಹಾರಿ ಹೋಸ್ಟಿಗೆ ಬರೋ ದಾರಿ ಬಯಲಾಯ್ತು, ಅದೇ ವರ್ಷ ವಿಎಂವೇರ್‌ನ ವಿಎಂಎಕ್ಸ್‌ನೆಟ್3ರಲ್ಲಿ ಕೂಡ.

ನನಗೆ ನಿಜವಾಗಿ ನಿದ್ದೆ ಕೆಡಿಸೋ ವಾದ ಬೇರೆ. ವೀಸಾಕ್ ಮಾತು ಫೈರ್‌ವಾಲಿನ ಕಣ್ಣಿಗೆ ಬೀಳಲ್ಲ. ಯಾವುದು ನನಗೆ ಅನುಕೂಲವೋ ಅದೇ ಕಳ್ಳನಿಗೂ ಅನುಕೂಲ. 2022-23ರಲ್ಲಿ ಮ್ಯಾಂಡಿಯಂಟ್ ಸಂಸ್ಥೆಯವರು, ಇಎಸ್‌ಎಕ್ಸ್‌ಐ ಹೋಸ್ಟ್‌ಗಳಿಗೆ ನುಗ್ಗಿದ ಗುಂಪೊಂದು ಈ ವಿಎಂಸಿಐ ಸಾಕೆಟ್ ಮೇಲೇ ಹಿಂಬಾಗಿಲು ನಡೆಸ್ತಿದ್ದದ್ದನ್ನ ವರದಿ ಮಾಡಿದರು. ನೆಟ್‌ವರ್ಕ್ ಕಾವಲು ಕಾಯೋರಿಗೆ ಅದು ಕಾಣಲೇ ಇಲ್ಲ. ಇದಕ್ಕೆ ನನ್ನ ಉತ್ತರ: ಅವರು ಆಗಲೇ ಹೋಸ್ಟಿನ ಒಳಗೆ ಕೂತಿದ್ದರು. ಹೋಸ್ಟ್ ಕೈಯಲ್ಲಿದ್ದವನಿಗೆ ಗೆಸ್ಟಿನ ಮೆಮೊರಿಯೇ ಬಿಚ್ಚಿಟ್ಟ ಪುಸ್ತಕ, ಕಿಂಡಿ ಇಲ್ಲದಿದ್ದರೆ ಗೋಡೆಯನ್ನೇ ಒಡೆಯೋನು. ಇದು ಪೂರ್ತಿ ಸಮಾಧಾನದ ಉತ್ತರ ಅಲ್ಲ, ಒಪ್ಪಿಕೊಳ್ತೀನಿ. ಕಿಂಡಿ ಇಟ್ಟವರು ಕಿಂಡಿ ನೋಡೋ ಅಭ್ಯಾಸಾನೂ ಮಾಡ್ಕೋಬೇಕು. 2017ರಿಂದ ಕರ್ನಲ್ಲಿನಲ್ಲಿ ವೀಸಾಕ್‌ಮಾನ್ ಇದೆ, ವೀಸಾಕ್ ಓಡಾಟವನ್ನ ಹಿಡಿದು ತೋರಿಸುತ್ತೆ. ನಮ್ಮ ಟೀಮಿನಲ್ಲಿ ಅದನ್ನ ಒಮ್ಮೆಯಾದರೂ ಆನ್ ಮಾಡಿ ನೋಡಿದವರು ಎಷ್ಟು ಜನ ಅಂತ ಕೇಳಿದೆ. ಯಾರೂ ಕೈ ಎತ್ತಲಿಲ್ಲ.

ವೇಗದ ಮಾತೂ ಬಂತು. ಬ್ಯಾಕಪ್ ಡೇಟಾ ಗಿಗಾಬೈಟ್‌ಗಟ್ಟಲೆ, ಅದನ್ನ ವೀಸಾಕ್‌ನಲ್ಲಿ ಹಾಯಿಸಿದರೆ ವರ್ಟಿಯೋ-ನೆಟ್ಟಿನ ಹಲವು ಕ್ಯೂ, ಆಫ್‌ಲೋಡ್ ಎಲ್ಲ ಕಳ್ಕೋತೀವಿ ಅಂತ. ಅಲ್ಲ ಸಾರ್, ಡೇಟಾ ಹಾಯಿಸಿ ಅಂದವರು ಯಾರು? ಡೇಟಾನ ನಾವು ಹೋಸ್ಟ್ ಕಡೆಯಿಂದ ನೇರ ಡಿಸ್ಕಿನಲ್ಲೇ ಓದ್ತೀವಿ. ಕಿಂಡಿಯಲ್ಲಿ ಹೋಗೋದು "ನಿಲ್ಲಿಸು", "ಆಯ್ತು", "ಶುರು ಮಾಡು", ಇಷ್ಟೇ. ಇದಕ್ಕೆ ನಾಲ್ಕು ಕ್ಯೂ ಬೇಕಾ? ಲೈವ್ ಮೈಗ್ರೇಶನ್ ಆದಾಗ ವೀಸಾಕ್ ಕನೆಕ್ಷನ್ ಕಡಿದುಹೋಗುತ್ತೆ ಅನ್ನೋದು ನಿಜ, ಮತ್ತೆ ಕನೆಕ್ಟ್ ಮಾಡೋ ಇಪ್ಪತ್ತು ಸಾಲು ಕೋಡ್ ಬರೆದರೆ ಆಯ್ತು. ವಿಂಡೋಸ್ ಗೆಸ್ಟ್? ಕೆವಿಎಂ ಮೇಲಿನ ವಿಂಡೋಸ್‌ಗೆ ವರ್ಟಿಯೋ-ಸೀರಿಯಲ್ ಡ್ರೈವರ್ ವರ್ಷಗಳಿಂದ ಗಟ್ಟಿಯಾಗಿ ನಿಂತಿದೆ, ಅಲ್ಲಿ ಅದನ್ನೇ ಬಳಸೋಣ. ಎರಡು ದಾರಿ ಬರೆಯೋದು ಹೆಚ್ಚಿನ ಕೆಲಸ, ಹೌದು. ಎಷ್ಟು ಹೆಚ್ಚು ಅಂದ್ರೆ ನನ್ನ ಲೆಕ್ಕದಲ್ಲಿ ಮೂರು ವಾರ. ಅಷ್ಟನ್ನೂ ನಾನೇ ಮಾಡ್ತೀನಿ ಅಂದೆ.

ಇಷ್ಟಾದ ಮೇಲೂ ಆ ಹಿರಿಯರು ಹೇಳಿದ್ದು, "ಎಲ್ಲರಿಗೂ ಐಪಿ ಗೊತ್ತು, ಪಿಂಗ್ ಮಾಡಿ ನೋಡಬಹುದು, ವೀಸಾಕ್ ಯಾರಿಗೆ ಗೊತ್ತು?" ಅಂತ. ಇದರಲ್ಲಿ ನನಗೆ ಕಾಣೋದು ನಮ್ಮ ಸೋಮಾರಿತನ. ನಮಗೆ ಡಿಬಗ್ ಮಾಡೋಕೆ ಸುಲಭ ಆಗಲಿ ಅಂತ ಗ್ರಾಹಕನ ಮನೆಯೊಳಗೆ ಗೊಂದಲ ಇಡೋದು. ಗೊತ್ತಿಲ್ಲ ಅಂದ್ರೆ ಕಲೀಬೇಕು. ಸಿಸ್ಟಂಡಿಯ 256ನೇ ಆವೃತ್ತಿ 2024ರಲ್ಲಿ ಬಂತು, ಅದರಲ್ಲಿ ವಿಎಂಗೆ ನೆಟ್‌ವರ್ಕೇ ಇಲ್ಲದಿದ್ದರೂ ವೀಸಾಕ್ ಮೇಲೆ ಎಸ್‌ಎಸ್‌ಎಚ್ ಮಾಡಬಹುದು. ಪಿಂಗಿಗಿಂತ ಹೆಚ್ಚೇ ಸಿಕ್ಕ ಹಾಗಾಯ್ತಲ್ಲ.

ಸೋಮವಾರ ಹನ್ನೊಂದಕ್ಕೆ ಮತ್ತೆ ಮೀಟಿಂಗ್ ಇದೆ, ಅಲ್ಲಿ ಡಿಸೈನ್ ಅಖೈರಾಗುತ್ತೆ. ಸ್ಲೈಡ್ ಮಾಡಿ ತನ್ನಿ ಅಂದಿದ್ದಾರೆ. ಅಪ್ಪ ಆ ಹಳೇ ಮನೆ ಕಿಂಡಿಯ ಫೋಟೋ ತೆಗೆದು ಕಳಿಸಿದ್ದಾರೆ, ಈಗಲೂ ಇದೆ, ಆ ಕಡೆ ಯಾರೂ ಇಲ್ಲದ್ದಕ್ಕೆ ತಟ್ಟೆ ಅಡ್ಡ ಇಟ್ಟು ವರ್ಷಗಳಾದವು. ಅದನ್ನ ಸ್ಲೈಡಿಗೆ ಹಾಕಲ್ಲ, ನಗ್ತಾರೆ. ಆ ಹನ್ನೊಂದು ದಿನದ ಲಾಗ್ ಫೈಲ್ ಹಾಕ್ತೀನಿ, ಹಸಿರು ಟಿಕ್ ಮಾರ್ಕ್‌ಗಳ ಸಮೇತ, ಕೆಳಗೆ ಕೋಡ್ ಬರೆದವನ ಹೆಸರು ಸಮೇತ.